ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಫ್ರೀಕ್ವೆನ್ಸಿ ಸರಿಯಾಗಿ ಓದೋದು ಹೇಗೆ

ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ಪರದೆ ಮೇಲೆ ತೋರಿಸೋ ಮಷಿನ್ ಇದು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಹಿಡಿದೇ ಶುರು ಮಾಡಿ. ಹುಬ್ಬಳ್ಳಿಯಲ್ಲಿ ಆಂಟೆನಾಗೆ ಒಂದು ತುಂಡು ವಯರ್ ಸಾಕು.

ಸೆಂಟರ್ (ಪರದೆಯ ನಡುವಿನ ಫ್ರೀಕ್ವೆನ್ಸಿ) 700 ಕಿಲೋಹರ್ಟ್ಸ್, ಸ್ಪ್ಯಾನ್ (ಪರದೆಯ ಎಡದಿಂದ ಬಲಕ್ಕೆ ಕಾಣೋ ಅಗಲ) 1 ಮೆಗಾಹರ್ಟ್ಸ್ ಇಟ್ಟಿದ್ದೆ, ಪೀಕ್ ಮೇಲೆ ಇಟ್ಟು ಫ್ರೀಕ್ವೆನ್ಸಿ ಓದೋ ಗುರುತು, ಅಂದ್ರೆ ಮಾರ್ಕರ್, 764 ಅಂತು. ಸ್ಟೇಷನ್ನೇ ಜಾರಿದೆ ಅಂದುಕೊಂಡು ಸುಮ್ನೆ ತಲೆ ಕೆಡಿಸಿಕೊಂಡೆ. ಪರದೆ ಮೇಲೆ ಇದ್ದದ್ದೇ 501 ಪಾಯಿಂಟ್, ಅಂದ್ರೆ ಒಂದರಿಂದ ಇನ್ನೊಂದಕ್ಕೆ 2 ಕಿಲೋಹರ್ಟ್ಸ್ ಅಂತರ, ಮಾರ್ಕರ್ ಒಂದೋ 764ಕ್ಕೆ ಇಲ್ಲಾ 766ಕ್ಕೆ ಕೂರಬೇಕು, ಅಲ್ವಾ?

ಪೀಕ್ ಅನ್ನು ನಡುವೆ ತಂದು ಸ್ಪ್ಯಾನ್ 5 ಕಿಲೋಹರ್ಟ್ಸ್‌ಗೆ ಇಳಿಸಿ, ಆರ್‌ಬಿಡಬ್ಲ್ಯೂ (ಹತ್ತಿರದ ಸಿಗ್ನಲ್‌ಗಳನ್ನು ಬಿಡಿಸಿ ತೋರಿಸೋ ಫಿಲ್ಟರ್‌ನ ಅಗಲ) 100 ಹರ್ಟ್ಸ್ ಮಾಡಿ. ಸ್ವೀಪ್ ನಿಧಾನವಾಗುತ್ತೆ, ಕಾಯಿರಿ. ಅಕ್ಕಪಕ್ಕ ಕುಣಿಯೋದು ಮಾತು, ಹಾಡು. ಅಲುಗಾಡದೆ ನಿಂತದ್ದು ಕ್ಯಾರಿಯರ್, ಅಂದ್ರೆ ಆ ಮಾತು-ಹಾಡನ್ನು ಹೊತ್ತು ತರೋ ಸ್ಟೇಷನ್ನಿನ ಮೂಲ ಅಲೆ. ಅದರ ಮೇಲೆ ಮಾರ್ಕರ್ ಇಟ್ಟು, ಮಾರ್ಕರ್ ಕೌಂಟರ್ ಆನ್ ಮಾಡಿ; ಅದು ಪರದೆಯ ಪಾಯಿಂಟ್ ನೋಡದೆ ಸಿಗ್ನಲ್‌ನ ಫ್ರೀಕ್ವೆನ್ಸಿಯನ್ನೇ ಎಣಿಸುತ್ತೆ.

ಮೊದಲು ಅರ್ಧ ಗಂಟೆ ಮಷಿನ್ ಬಿಸಿಯಾಗಲಿ. ಮಷಿನ್ ಒಳಗಿನ ಗಡಿಯಾರದ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ತಪ್ಪು ಇಲ್ಲಿ ಮುಕ್ಕಾಲು ಹರ್ಟ್ಸ್ ಅಷ್ಟೇ, ಆದರೆ 100 ಮೆಗಾಹರ್ಟ್ಸ್‌ನಲ್ಲಿ 100 ಹರ್ಟ್ಸ್. ಅಲ್ಲಿ ಒಳಗಿನ ಗಡಿಯಾರದ ಬದಲು ಜಿಪಿಎಸ್‌ನಿಂದ ಬರುವ 10 ಮೆಗಾಹರ್ಟ್ಸ್ ರೆಫರೆನ್ಸ್ ಕೊಡಿ.