ನೆಲ್ಲಿಕಾಯಿಯ ಸಾರ ಮತ್ತು ಗಾಮಾ ಕಿರಣ: ನನ್ನ ಅನುಭವ

ನೆಲ್ಲಿಕಾಯಿಯ ಸಾರವು ಗಾಮಾ ಕಿರಣದ ಹಾನಿಯನ್ನು ತಗ್ಗಿಸಬಲ್ಲದೇ ಎಂಬುದನ್ನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ, ಒಪ್ಪಿಗೆ ಕೊಟ್ಟವರ ರಕ್ತದಲ್ಲಿನ ಒಂದು ಬಗೆಯ ಬಿಳಿ ಕಣಗಳಾದ ಲಿಂಫೋಸೈಟ್‌ಗಳ ಮೇಲೆ ನಾನು ಪರೀಕ್ಷಿಸಿದೆ. ಗಾಮಾ ಕಿರಣದಿಂದ ಡಿಎನ್‌ಎಗೆ ಒದಗುವ ಹಾನಿಯಲ್ಲಿ ಸುಮಾರು ಮೂರನೇ ಎರಡು ಪಾಲು, ಕೋಶದೊಳಗಿನ ನೀರು ಒಡೆದು ಹುಟ್ಟುವ, ಬಹು ಚುರುಕಾಗಿ ವರ್ತಿಸುವ ಕಣಗಳಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳಿಂದ ಆಗುತ್ತದೆ. ಇವು ಕೆಲವೇ ನ್ಯಾನೊಮೀಟರ್ ಸಾಗುವಷ್ಟರಲ್ಲಿ ಎದುರಿಗೆ ಸಿಕ್ಕ ಅಣುವಿನೊಡನೆ ವರ್ತಿಸಿ ಮುಗಿದುಹೋಗುವುದರಿಂದ, ಅವನ್ನು ತಡೆಯಬೇಕಾದ ಪದಾರ್ಥವು ಕಿರಣ ಬೀಳುವ ಮೊದಲೇ ಡಿಎನ್‌ಎಯ ಪಕ್ಕದಲ್ಲಿ, ಸಾಕಷ್ಟು ಪ್ರಮಾಣದಲ್ಲಿ ಇರಬೇಕಾಗುತ್ತದೆ.

ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ತಂದ ಕಾಯಿಗಳನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲೇ ಸಾರ ತೆಗೆದೆ. ಸಾರ ತೆಗೆಯಲು ದ್ರಾವಕವಾಗಿ ಎಥನಾಲ್ ಅಥವಾ ಡಿಎಂಎಸ್‌ಒ ಬಳಸುವವರು ಬಹಳ ಮಂದಿ. ಆದರೆ ಇವೆರಡೂ ಸ್ವತಃ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳನ್ನು ನುಂಗುವುದರಿಂದ, ಬರಿಯ ದ್ರಾವಕ ಹಾಕಿದ ನಳಿಕೆಯೊಂದನ್ನು ಜೊತೆಗಿಡದಿದ್ದರೆ ದ್ರಾವಕದ ಪುಣ್ಯವೆಲ್ಲ ಗಿಡದ ಖಾತೆಗೆ ಜಮೆಯಾಗುತ್ತದೆ. ಹೋಲಿಕೆಗೆಂದು ಡಿಎಂಎಸ್‌ಒ ಹಾಕಿದ ನಳಿಕೆಯನ್ನು ನಾನು ಬೇಕೆಂದೇ ಪ್ರತ್ಯೇಕವಾಗಿ ಇಟ್ಟಿದ್ದೆ.

ಗಾಮಾ ಕಿರಣ ಸೂಸುವ ಕೋಬಾಲ್ಟ್-60 ಆಕರದಿಂದ 2 ಗ್ರೇ (ಹೀರಿಕೊಂಡ ವಿಕಿರಣದ ಅಳತೆ) ಕೊಟ್ಟೆ. ಈ ಆಕರದ ಅರ್ಧಾಯುಷ್ಯ, ಎಂದರೆ ಅದರ ಬಲ ಅರ್ಧಕ್ಕಿಳಿಯಲು ಹಿಡಿಯುವ ಕಾಲ, 5.27 ವರ್ಷವಾದ್ದರಿಂದ ತಿಂಗಳಿಗೆ ಶೇಕಡಾ 1ಕ್ಕಿಂತ ತುಸು ಹೆಚ್ಚೇ ಕ್ಷೀಣಿಸುವ ಆಕರಕ್ಕೆ ಪ್ರತಿ ಸಲವೂ ಕಿರಣ ಬೀಳಿಸುವ ಅವಧಿಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಕೆಲವು ನಳಿಕೆಗಳಿಗೆ ಸಾರವನ್ನು ಕಿರಣಕ್ಕೆ ಮೊದಲು, ಕೆಲವಕ್ಕೆ ಅನಂತರ, ಇನ್ನು ಕೆಲವಕ್ಕೆ ಕಿರಣವಿಲ್ಲದೆಯೇ ಸೇರಿಸಿದೆ. ಕೋಶಗಳನ್ನು ಬೆಳೆಸುವ ಕೃಷಿಕೆಗೆ 44ನೆಯ ಗಂಟೆಯಲ್ಲಿ, ಕೇಂದ್ರ ಎರಡಾದರೂ ಕೋಶ ಇಬ್ಭಾಗವಾಗದಂತೆ ತಡೆಯುವ ಸೈಟೊಕಲಾಸಿನ್-ಬಿ ಹಾಕಿ, 72ನೆಯ ಗಂಟೆಯಲ್ಲಿ ಕೋಶಗಳನ್ನು ತೆಗೆದು, ಎರಡು ಕೇಂದ್ರಗಳಿದ್ದ ಕೋಶಗಳಲ್ಲಿ, ಡಿಎನ್‌ಎ ಹಾನಿಯ ಗುರುತಾಗಿ ಕಾಣುವ ಚಿಕ್ಕ ಕೇಂದ್ರಗಳಾದ ಮೈಕ್ರೊನ್ಯೂಕ್ಲಿಯಸ್‌ಗಳನ್ನು ಎಣಿಸಿದೆವು. ಎಣಿಸುವವರಿಗೆ ಯಾವ ಸ್ಲೈಡು ಯಾವುದೆಂದು ತಿಳಿದಿರಲಿಲ್ಲ.

ಮೊದಲೇ ಸಾರ ಸೇರಿಸಿದ್ದ ನಳಿಕೆಗಳಲ್ಲಿ ಮೈಕ್ರೊನ್ಯೂಕ್ಲಿಯಸ್‌ಗಳು ಸ್ಪಷ್ಟವಾಗಿ ಕಡಿಮೆಯಾದವು. ಅನಂತರ ಸೇರಿಸಿದವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಪ್ರಮಾಣ ಹೆಚ್ಚಿಸಿದಾಗ, ಕಿರಣವೇ ಬೀಳದ ಕೋಶಗಳಲ್ಲೂ ಅವು ಏರಿದವು. ಕೃಷಿಕೆಯ ದ್ರವದಲ್ಲಿ, ಸಾರದಲ್ಲಿನ ಸಸ್ಯರಾಸಾಯನಿಕಗಳಾದ ಪಾಲಿಫಿನಾಲ್‌ಗಳು ಆಮ್ಲಜನಕದೊಡನೆ ವರ್ತಿಸಿ ಡಿಎನ್‌ಎಗೆ ಹಾನಿ ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುವುದೇ ಇದಕ್ಕೆ ಕಾರಣವಿರಬೇಕೆಂದು ನನ್ನ ಎಣಿಕೆ.

ಕ್ಯಾನ್ಸರಿಗೆ ರೇಡಿಯೊಥೆರಪಿ (ಕಿರಣಚಿಕಿತ್ಸೆ) ಪಡೆಯುತ್ತಿರುವವರು ನೆಲ್ಲಿಕಾಯಿಯ ರಸ ಕುಡಿಯಬಹುದೇ ಎಂದು ಪರಿಚಿತರು ಕೇಳುವುದುಂಟು. ನಳಿಕೆಯಲ್ಲಿ ನಾವು ಬಳಸಿದ ಸಾಂದ್ರತೆಗೆ ಕುಡಿದ ರಸದಿಂದ ರಕ್ತ ತಲುಪಲಾರದು. ಮೇಲಾಗಿ, ರಕ್ಷಣೆ ಗಂತಿಯ (ಕ್ಯಾನ್ಸರ್ ಗೆಡ್ಡೆಯ) ಕೋಶಗಳಿಗೂ ಸಿಕ್ಕೀತು. ತಲೆ ಮತ್ತು ಕತ್ತಿನ ಕ್ಯಾನ್ಸರಿನ ರೋಗಿಗಳಿಗೆ ಕಿರಣಚಿಕಿತ್ಸೆಯ ಜೊತೆಗೆ, ಇದೇ ರೀತಿ ರ್‍ಯಾಡಿಕಲ್‌ಗಳನ್ನು ತಡೆಯುವ ವಿಟಮಿನ್ ಇ ಮತ್ತು ಬೀಟಾ ಕೆರೋಟಿನ್ ಕೊಟ್ಟ, 2005ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಅಡ್ಡಪರಿಣಾಮಗಳು ತಗ್ಗಿದ್ದರೂ, ಗಂತಿಯ ಮರುಕಳಿಕೆ ಹೆಚ್ಚುವತ್ತ ವಾಲಿತ್ತು. ಆದ್ದರಿಂದ ಅದೇ ಸಾರವನ್ನು, ಅದೇ 2 ಗ್ರೇಯಲ್ಲಿ, ಗಂತಿಯ ಕೋಶಗಳ ಮೇಲೆ ಈಗ ಪರೀಕ್ಷಿಸುತ್ತಿದ್ದೇನೆ.