ಕಕ್ಕಡದ ಮಳೆಯಲ್ಲಿ ಸಿ ಡ್ರೈವ್ ದೊಡ್ಡದು ಮಾಡಿದ್ದು: ನನ್ನ ಅನುಭವ

ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದ ಮನೆಯ ಹಳೇ ಡೆಸ್ಕ್‌ಟಾಪ್. ಅದರ ಸಿ ಡ್ರೈವನ್ನು, ಅಂದರೆ ಡಿಸ್ಕಿನಲ್ಲಿ ವಿಂಡೋಸ್ ಇರುವ ಭಾಗವನ್ನು (ಪಾರ್ಟಿಷನ್), 97 ಜಿಬಿಯಿಂದ ಸುಮಾರು 247ಕ್ಕೆ ಏರಿಸಿದೆ. ಫಾರ್ಮ್ಯಾಟ್ ಹೊಡೆಯಲಿಲ್ಲ, ಒಂದು ಫೈಲೂ ಹೋಗಲಿಲ್ಲ. ಮಾಡಿದ್ದು ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜೋರು ಮಳೆಯ ತಿಂಗಳು), ದಿನಕ್ಕೆ ಐದಾರು ಸಲ ಕರೆಂಟ್ ಹೋಗುವ ದಿನಗಳಲ್ಲಿ. ಶುರು ಮಾಡುವ ಮೊದಲು ಕಂಪ್ಯೂಟರ್ ರಿಪೇರಿಯ ನಮ್ಮ ಕಸುಬಿನವರು ಮೂವರು ಇದು ಆಗದ ಕೆಲಸ ಎಂದಿದ್ದರು. ಮೈಸೂರಿನ ಗೆಳೆಯನಂತೂ "ಮಳೆಗಾಲದಲ್ಲಿ ಪಾರ್ಟಿಷನ್ ಮುಟ್ಟುತ್ತೀಯಾ, ತಲೆ ಸರಿ ಇದೆಯಾ" ಎಂದು ಕೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫಾರ್ಮ್ಯಾಟ್ ಯಾಕೆ ಬೇಡ ಎಂದರೆ, ಆ ಕಂಪ್ಯೂಟರಿನಲ್ಲಿ ತೋಟದ ಲೆಕ್ಕದ ಒಂದು ಹಳೇ ಸಾಫ್ಟ್‌ವೇರ್ ಇದೆ. ಚೆಕ್ ರೋಲ್ (ಆಳುಗಳ ಹಾಜರಿ), ಕೊಯ್ಲಿನ ತೂಕ, ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಎಷ್ಟು, ಹಣ್ಣನ್ನೇ ಒಣಗಿಸಿದ ಚೆರ್ರಿ ಎಷ್ಟು, ಮಳೆ ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರನೇ ಭಾಗ), ಎಲ್ಲ ಅದರಲ್ಲೇ. ಬರೆದುಕೊಟ್ಟ ಹುಡುಗ ಹತ್ತು ಹನ್ನೆರಡು ವರ್ಷದ ಹಿಂದೆ ಬರೆದುಕೊಟ್ಟು ಹೋದವನು, ಈಗ ಫೋನಿಗೆ ಸಿಗುವುದಿಲ್ಲ. ಸಿಡಿ ಕಳೆದಿದೆ. ವಿಂಡೋಸ್ ಹೊಸದಾಗಿ ಹಾಕಿದರೆ ಆ ಸಾಫ್ಟ್‌ವೇರ್ ಮತ್ತೆ ಬರುವುದಿಲ್ಲ. ತೋಟದ ಯಜಮಾನ ಮಾವ ಹೇಳಿದ್ದು ಇಷ್ಟೇ: "ಕಂಪ್ಯೂಟರ್ ಹೋದರೆ ಹೋಗಲಿ ಮಾರಾಯ, ಲೆಕ್ಕ ಹೋಗಬಾರದು."

ಸಿ ಯಲ್ಲಿ ಉಳಿದಿದ್ದು 400 ಎಂಬಿಯೋ ಏನೋ. ಟೆಂಪ್ ಫೈಲ್ ಅಳಿಸಿದೆ, ಹೈಬರ್ನೇಷನ್ ಆಫ್ ಮಾಡಿದೆ, ಒಂಬತ್ತು ಹತ್ತು ಜಿಬಿ ಸಿಕ್ಕಿತು. ಮೂರು ತಿಂಗಳಲ್ಲಿ ಮತ್ತೆ ಜಾಗ ಮುಗಿಯಿತೆನ್ನುವ ಕೆಂಪು ಪಟ್ಟಿ. 500 ಜಿಬಿ ಎಸ್‌ಎಸ್‌ಡಿ ಹಾಕಿ ಕ್ಲೋನ್ ಮಾಡಿ, ಅಂದರೆ ಇದ್ದದ್ದನ್ನು ಇದ್ದ ಹಾಗೇ ಅದಕ್ಕೆ ನಕಲಿಸಿ ಎಂದು ನೀವು ಹೇಳಬಹುದು. ನನಗೂ ಅದು ಗೊತ್ತು. ಆದರೆ ಆ ಮನೆಯಲ್ಲಿ ಒಂದು ಬ್ಯಾಕಪ್ ಕೂಡ ಇರಲಿಲ್ಲ. ಮಾವ ಕೊಡಲು ತಯಾರಿದ್ದ ದುಡ್ಡು ಐದೂವರೆ ಸಾವಿರ. ಅಷ್ಟರಲ್ಲಿ ಆಗ ಎಸ್‌ಎಸ್‌ಡಿ ಬರುತ್ತಿತ್ತು, ಇಲ್ಲವೇ ಬ್ಯಾಕಪ್ ಡಿಸ್ಕ್ ಬರುತ್ತಿತ್ತು. ಎರಡೂ ಬರುತ್ತಿರಲಿಲ್ಲ. ಹಾಗಿರುವಾಗ ನಾನು ಬ್ಯಾಕಪ್ ಡಿಸ್ಕೇ ಎನ್ನುವವನು.

ಹೀಗೆ ಯೋಚಿಸಲು ಕಲಿತದ್ದು ಪೆಟ್ಟು ತಿಂದ ಮೇಲೆ. ನಾಲ್ಕೈದು ವರ್ಷ ಹಿಂದೆ, ಇಂಥದ್ದೇ ಜುಲೈ. ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ವಿರಾಜಪೇಟೆಯ ನನ್ನ ಅಂಗಡಿಗೆ ಸಿಸ್ಟಮ್ ತಂದ. ಅದೇ ಕಾಯಿಲೆ, ಸಿ ತುಂಬಿದೆ, ಡಿ ಯಲ್ಲಿ ಜಾಗ ಇದೆ. ಎಲ್ಲರೂ ಮಾಡುವ ಹಾಗೆ ಡಿ ಯ ಎಡಗಡೆ ಕತ್ತರಿಸಿ, ಡಿ ಯನ್ನು ಬಲಕ್ಕೆ ಸರಿಸಲು ಹಾಕಿದೆ. ಪಾರ್ಟಿಷನ್‌ನ ಶುರುವಿನ ಜಾಗವೇ ಬದಲಾಗಬೇಕಾದರೆ ಒಳಗಿರುವ ಅಷ್ಟೂ ಡೇಟಾ ಅದೇ ಡಿಸ್ಕಿನ ಮೇಲೆ ಒಂದೊಂದು ತುಂಡಾಗಿ ಓದಿ ಬರೆದು ಸರಿಯಬೇಕು. ಏಳು ಗಂಟೆ ಹೊತ್ತು ಬೇಕು ಎಂದು ತೋರಿಸಿತು. ನನ್ನ ಯುಪಿಎಸ್ ಬ್ಯಾಟರಿ ಹಳೆಯದು, ಆರು ನಿಮಿಷ ತಡೆಯುತ್ತಿತ್ತು. ಶೇಕಡ 60 ದಾಟಿದ ಮೇಲೆ ಎಲ್ಲೋ ಲೈನ್ ಮೇಲೆ ಮರ ಬಿತ್ತು. ಕರೆಂಟ್ ಬಂದದ್ದು ಮಾರನೇ ದಿನ.

ಡಿ "ರಾ" ಎಂದು ತೋರಿಸುತ್ತಿತ್ತು, ಅಂದರೆ ಒಳಗೇನಿದೆ ಎಂದು ವಿಂಡೋಸ್‌ಗೆ ಗುರುತು ಸಿಗುತ್ತಿರಲಿಲ್ಲ. ಟೆಸ್ಟ್‌ಡಿಸ್ಕ್ ಹಾಕಿದೆ. ಅಳಿಸಿಹೋದ ಪಾರ್ಟಿಷನ್ ಹುಡುಕಿಕೊಡುವುದರಲ್ಲಿ ಅದನ್ನು ಮೀರಿದ್ದು ಇಲ್ಲ, ಆದರೆ ಅರ್ಧ ಇಲ್ಲಿ ಅರ್ಧ ಅಲ್ಲಿ ಇರುವ ಪಾರ್ಟಿಷನ್‌ಗೆ ಅದೇನು ಮಾಡೀತು? ಕೊನೆಗೆ ಫೋಟೋರೆಕ್, ಡಿಸ್ಕ್ ಜಾಲಾಡಿ ಒಂದೊಂದೇ ಫೈಲ್ ಹೆಕ್ಕುವ ಸಾಫ್ಟ್‌ವೇರ್. ಫೋಟೋ ಬಹಳಷ್ಟು ಸಿಕ್ಕವು, ಹೆಸರು ಹೋಗಿತ್ತು, ಫೋಲ್ಡರ್ ಹೋಗಿತ್ತು. ಮೂರು ಮದುವೆ, ಒಂದು ಗೃಹಪ್ರವೇಶ, ಒಂದು ನಾಮಕರಣ ಎಲ್ಲ ಒಂದೇ ರಾಶಿ. ಫೋಟೋದ ಒಳಗೆ ಕ್ಯಾಮೆರಾ ಬರೆದ ತಾರೀಖು ಉಳಿದಿದ್ದರಿಂದ ಬಚಾವಾದೆ. ಒಂದು ವಾರ ಕೂತು ತಾರೀಖಿನ ಮೇಲೆ ಬೇರೆ ಮಾಡಿಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ಮೇಲಿಂದ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ನಾನೇ ತಂದುಕೊಟ್ಟೆ, ನಾಲ್ಕು ಸಾವಿರ ಚಿಲ್ಲರೆ. ಆ ಹುಡುಗನ ಮುಖ ಇವತ್ತಿಗೂ ಮರೆತಿಲ್ಲ.

ಎರಡನೇ ಪೆಟ್ಟು ಡೈನಾಮಿಕ್ ಡಿಸ್ಕ್, ಡಿಸ್ಕನ್ನು ಭಾಗ ಮಾಡುವ ವಿಂಡೋಸಿನದೇ ಇನ್ನೊಂದು ಪದ್ಧತಿ; ಸಾಮಾನ್ಯದ್ದು ಬೇಸಿಕ್. ಗೋಣಿಕೊಪ್ಪದ ಒಂದು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್. ಎಂಬಿಆರ್ ಡಿಸ್ಕ್, ಅಂದರೆ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಹಿಡಿಯದ ಹಳೇ ಪದ್ಧತಿಯದು, ನಾಲ್ಕೂ ಆಗಲೇ ಇದ್ದವು. ಅವಸರದಲ್ಲಿ ಐದನೆಯದು ಮಾಡಲು ಹೋದೆ. ಡೈನಾಮಿಕ್ ಮಾಡಲೇ ಎಂದು ಕೇಳಿತು, ಯೆಸ್ ಒತ್ತಿದೆ. ಆಮೇಲೆ ನಾನು ಪಾರ್ಟಿಷನ್ ಕೆಲಸಕ್ಕೆ ಬಳಸುವ ಜಿಪಾರ್ಟೆಡ್ ಆ ಡಿಸ್ಕನ್ನು ಮುಟ್ಟಲು ಒಪ್ಪಲಿಲ್ಲ. ಮತ್ತೆ ಬೇಸಿಕ್ ಮಾಡಬೇಕಾದರೆ ಎಲ್ಲ ವಾಲ್ಯೂಮ್ ಅಳಿಸಬೇಕು. ಎರಡು ದಿನ ಹೋಯಿತು, 1,200 ರೂಪಾಯಿ ಬಿಲ್ ಬಿಟ್ಟುಕೊಟ್ಟೆ. ಆ ಪ್ರಶ್ನೆ ಎಲ್ಲಿ ಕಂಡರೂ ಈಗ ನನ್ನ ಕೈ ತಾನಾಗಿಯೇ ನೋ ಕಡೆ ಹೋಗುತ್ತದೆ.

ಇಷ್ಟಾದ ಮೇಲೆ ನನಗೆ ಹೊಳೆದದ್ದು: ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಬೇಕಾದದ್ದು ಯಾವ ನಿಮಿಷದಲ್ಲಿ ಕರೆಂಟ್ ಹೋದರೂ ಕೆಡದ ದಾರಿ. ಎಷ್ಟು ಬೇಗ ಮುಗಿಯುತ್ತದೆ ಎನ್ನುವುದು ಆಮೇಲಿನ ಮಾತು. ಡಿ ಯನ್ನು ಸರಿಸುವುದೇ ಬೇಡ. ಒಳಗಿರುವುದನ್ನು ಹೊರಗೆ ಕಾಪಿ ಮಾಡಿ, ಡಿ ಅಳಿಸಿ, ಸಿ ಬೆಳೆಸಿ, ಉಳಿದ ಜಾಗದಲ್ಲಿ ಹೊಸ ಡಿ ಮಾಡಿ, ವಾಪಸ್ ತುಂಬಿಸು. ವಿಂಡೋಸಿನದೇ ಕಾಪಿ ಕಮಾಂಡ್ ರೋಬೋಕಾಪಿ ಅರ್ಧಕ್ಕೆ ನಿಂತರೆ ಅದೇ ಕಮಾಂಡ್ ಮತ್ತೆ ಕೊಟ್ಟರೆ ಸಾಕು, ಆಗಿದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಪಕ್ಕದ ಖಾಲಿ ಜಾಗಕ್ಕೆ ಸಿ ಯನ್ನು ಎಕ್ಸ್‌ಟೆಂಡ್ ಮಾಡುವುದು ಕೆಲವೇ ಸೆಕೆಂಡಿನ ಕೆಲಸ, ಅಲ್ಲಿ ಡೇಟಾ ಸರಿಯುವುದಿಲ್ಲ. ಅಷ್ಟು ಹೊತ್ತಿಗೆ ನನ್ನ ಹಳೇ ಯುಪಿಎಸ್ ಕೂಡ ಸಾಕು. ಇದು ಸುತ್ತು ಬಳಸಿನ ದಾರಿ ಎಂದು ಗೆಳೆಯರು ನಕ್ಕರು. ನಗಲಿ. ಏಳು ಗಂಟೆ ಉಸಿರು ಬಿಗಿ ಹಿಡಿದು ಕೂತವನಿಗೆ ಇದರ ಬೆಲೆ ಗೊತ್ತು.

ನಾಪೋಕ್ಲಿನ ಡಿಸ್ಕ್ 1 ಟಿಬಿಯದು, ಅಂದರೆ ವಿಂಡೋಸ್ ಲೆಕ್ಕದಲ್ಲಿ 931 ಜಿಬಿ. ಮೊದಲು ವಿಂಡೋಸ್ ಶುರುವಾಗಲು ಬೇಕಾದ ಸಿಸ್ಟಮ್ ರಿಸರ್ವ್ಡ್, ಆಮೇಲೆ ಸಿ, ಆಮೇಲೆ ವಿಂಡೋಸ್ ಕೆಟ್ಟಾಗ ಸರಿ ಮಾಡಲು ಬೇಕಾಗುವ 500 ಎಂಬಿ ಆಸುಪಾಸಿನ ರಿಕವರಿ, ಕೊನೆಗೆ ಎಕ್ಸ್‌ಟೆಂಡೆಡ್ ಎನ್ನುವ ಹೊರ ಪೆಟ್ಟಿಗೆಯ ಒಳಗೆ ಲಾಜಿಕಲ್ ಪಾರ್ಟಿಷನ್ ಆಗಿ ಡಿ. ಡಿ ಯಲ್ಲಿ ತುಂಬಿದ್ದು 420 ಜಿಬಿ. ಸ್ಮಾರ್ಟ್ (ಡಿಸ್ಕ್ ತಾನೇ ಬರೆದಿಡುವ ಆರೋಗ್ಯದ ವರದಿ) ನೋಡಿದೆ, ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ತೊಡಕಾದ ಜಾಗ, ಸೊನ್ನೆ. ಸೊನ್ನೆ ಅಲ್ಲದಿದ್ದರೆ ಈ ಕೆಲಸಕ್ಕೇ ಇಳಿಯುತ್ತಿರಲಿಲ್ಲ, ಮೊದಲು ಕೆಡುತ್ತಿರುವ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಹಾಕಿ ಬೇರೆ ಡಿಸ್ಕಿಗೆ ಎತ್ತುತ್ತಿದ್ದೆ.

ಮಾವನ ದುಡ್ಡಿನಲ್ಲಿ 1 ಟಿಬಿ ಎಕ್ಸ್‌ಟರ್ನಲ್ ಬಂತು. ನನ್ನದೊಂದು ಡಿಸ್ಕ್ ಜೊತೆಗಿತ್ತು. ಎರಡು ಕಾಪಿ ಮಾಡದೆ ನಾನು ಡಿ ಅಳಿಸುವುದಿಲ್ಲ. ಅಳಿಸಿದ ಮೇಲೆ ಹೊರಗಿರುವುದೇ ಅಸಲು ಅಲ್ವಾ? ಸಿ ಯ ಇಮೇಜ್ (ಇಡೀ ಭಾಗದ ಪಡಿಯಚ್ಚು) ಕೂಡ ಕ್ಲೋನ್‌ಜಿಲ್ಲಾದಲ್ಲಿ ತೆಗೆದಿಟ್ಟೆ. ಹಳೇ ಬೋರ್ಡ್, ಯುಎಸ್‌ಬಿ 2 ಪೋರ್ಟ್, ಸೆಕೆಂಡಿಗೆ 30 ಎಂಬಿ ಬಂದರೆ ಹೆಚ್ಚು. ಮೊದಲ ಕಾಪಿಗೇ ಐದು ಗಂಟೆ ಮೇಲಾಯಿತು. ನಡುವೆ ಮೂರು ಸಲ ಕರೆಂಟ್ ಹೋಯಿತು, ಮೂರು ಸಲವೂ ಅದೇ ಕಮಾಂಡ್ ಮತ್ತೆ ಕೊಟ್ಟೆ. ಅವತ್ತು ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪು ಎನ್ನುವ ಔಷಧಿ ಸೊಪ್ಪಿನ ಅಡುಗೆ ತಿನ್ನುವ ದಿನ. ಮನೆಯವರು ಮದ್ದುಸೊಪ್ಪಿನ ಪಾಯಸ ಕೊಟ್ಟರು. ನೇರಳೆ ಬಣ್ಣದ ಪಾಯಸ ತಿನ್ನುತ್ತಾ ಪರದೆ ಮೇಲೆ ಫೈಲ್ ಹೆಸರು ಓಡುವುದನ್ನು ನೋಡುತ್ತಾ ಕೂತೆ. ಹೊರಗೆ ಮಳೆ ನಿಂತೇ ಇರಲಿಲ್ಲ.

ಇಲ್ಲೊಂದು ಗಾಬರಿ ಆಯಿತು. ಕಾಪಿ ಮುಗಿದ ಮೇಲೆ ಮಾವನ ಮಗ ಎಕ್ಸ್‌ಟರ್ನಲ್ ತೆರೆದು ನೋಡಿ "ಅಣ್ಣ, ಇದರಲ್ಲಿ ಏನೂ ಇಲ್ಲ" ಎಂದ. ಡ್ರೈವಿನ ಬೇರನ್ನೇ, ಅಂದರೆ ಡಿ ಯನ್ನು ಇಡಿಯಾಗಿ, ಕಾಪಿ ಮಾಡಿದರೆ, ತಲುಪುವ ಫೋಲ್ಡರ್‌ಗೆ ಹಿಡನ್ ಮತ್ತು ಸಿಸ್ಟಮ್ ಗುರುತು ಅಂಟಿಕೊಳ್ಳುತ್ತದೆ. ಅಟ್ರಿಬ್ ಕಮಾಂಡ್ ಕೊಟ್ಟು ಎರಡೂ ತೆಗೆದರೆ ಫೋಲ್ಡರ್ ಕಾಣುತ್ತದೆ. ಆ ಹುಡುಗ ನಿಟ್ಟುಸಿರು ಬಿಟ್ಟ. ಎರಡೂ ಕಡೆ ತಾಳೆ ನೋಡಲು ನನ್ನದೇ ಒಂದು ಸಣ್ಣ ಸ್ಕ್ರಿಪ್ಟ್ ಇದೆ. ಫೈಲ್ ಎಣಿಕೆ, ಗಾತ್ರ, ಅದಲ್ಲದೆ ಇನ್ನೊಂದು ಪರೀಕ್ಷೆ. ಅದನ್ನು ಇಲ್ಲಿ ಹಾಕುವುದಿಲ್ಲ, ನನ್ನ ಅನ್ನ ಅದರಲ್ಲಿದೆ.

ಡಿ ಅಳಿಸಲು ಹೋದರೆ ಬಿಡಲಿಲ್ಲ. ಯಾರೋ ಹಿಂದೆ ಸಿ ಯ ಭಾರ ಇಳಿಸಲೆಂದು ಪೇಜ್ ಫೈಲನ್ನು (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಫೈಲ್) ಡಿ ಗೆ ಹಾಕಿದ್ದರು. ಅದನ್ನು ಸಿ ಗೆ ತಂದು ರೀಸ್ಟಾರ್ಟ್ ಮಾಡಿದ ಮೇಲೆ ಡಿ ಹೋಯಿತು. ಆದರೂ ಸಿ ಬೆಳೆಸುವ "ಎಕ್ಸ್‌ಟೆಂಡ್ ವಾಲ್ಯೂಮ್" ಆಯ್ಕೆ ಒತ್ತಲಾಗದೆ ಮಸುಕಾಗಿಯೇ ಇತ್ತು. ನನಗೆ ಇದು ಮೊದಲೇ ಒಂದು ಸಂಜೆ ತಿಂದಿತ್ತು, ಹಾಗಾಗಿ ಈ ಸಲ ಹೆದರಲಿಲ್ಲ. ಲಾಜಿಕಲ್ ಅಳಿಸಿದರೆ ಜಾಗ ಹಸಿರಾಗಿ ಫ್ರೀ ಸ್ಪೇಸ್ ಎಂದು ಕಾಣುತ್ತದೆ, ಅದಿನ್ನೂ ಎಕ್ಸ್‌ಟೆಂಡೆಡ್ ಒಳಗೇ ಇದೆ. ಇನ್ನೊಮ್ಮೆ ಅಳಿಸಿ ಕಪ್ಪು ಪಟ್ಟಿ ಬರಬೇಕು, ಅನ್‌ಅಲೊಕೇಟೆಡ್ ಎಂದು. ಅದಾದ ಮೇಲೂ ರಿಕವರಿ ಪಾರ್ಟಿಷನ್ ಬೇಲಿಯ ಹಾಗೆ ನಡುವೆ ನಿಂತಿತ್ತು. ಎಕ್ಸ್‌ಟೆಂಡ್ ಆಗಬೇಕಾದರೆ ಖಾಲಿ ಜಾಗ ಸಿ ಯ ಬಲಕ್ಕೆ ಅಂಟಿಕೊಂಡೇ ಇರಬೇಕು.

ರೀಏಜೆಂಟ್‌ಸಿ ಡಿಸೇಬಲ್ ಕೊಟ್ಟೆ, ಅದು ರಿಕವರಿಯನ್ನು ಆನ್ ಆಫ್ ಮಾಡುವ ಕಮಾಂಡ್. ಆಗ ರಿಕವರಿಯ ಇಮೇಜ್ ಸಿ ಯ ಒಳಗೆ ಬಂದು ಕೂರುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ವಿಂಡೋಸಿನ ಪಾರ್ಟಿಷನ್ ಕಮಾಂಡ್ ಆದ ಡಿಸ್ಕ್‌ಪಾರ್ಟ್‌ನಲ್ಲಿ ಓವರ್‌ರೈಡ್ ಹಾಕಿ ರಿಕವರಿ ಅಳಿಸಿದೆ. ಆಮೇಲೆ ಎಕ್ಸ್‌ಟೆಂಡ್. ಎಂಬಿಯಲ್ಲಿ ಕೇಳುತ್ತದೆ, 150 ಜಿಬಿಗೆ 1,53,600. ಎಂಟರ್ ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮೂರು ವರ್ಷದಿಂದ ಕೆಂಪಾಗಿದ್ದ ಪಟ್ಟಿ ನೀಲಿಯಾಯಿತು. ಅದರ ಪಕ್ಕ 1 ಜಿಬಿಯ ಹೊಸ ರಿಕವರಿ ಮಾಡಿ, ಇದು ರಿಕವರಿ ಎಂದು ಗುರುತಿಸುವ ಐಡಿ 27 ಕೊಟ್ಟು ರೀಏಜೆಂಟ್‌ಸಿ ಎನೇಬಲ್ ಮಾಡಿದೆ. ಹೊಸ ಪದ್ಧತಿಯ ಜಿಪಿಟಿ ಡಿಸ್ಕಾದರೆ ಐಡಿ ಬೇರೆ, ಉದ್ದದ್ದು, ನೀವೇ ನೋಡಿಕೊಳ್ಳಿ. 500 ಎಂಬಿಯನ್ನೇ ಯಾಕೆ ಉಳಿಸಲಿಲ್ಲ ಎಂದರೆ, 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ರಿಕವರಿ ಅಪ್‌ಡೇಟ್ ನೆನಪಿದೆಯಲ್ಲ? ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇಲ್ಲದ ಕಡೆ ಅದು ಕೂರಲೇ ಇಲ್ಲ. ಆ ತಿಂಗಳು ಇದೇ ಕೆಲಸಕ್ಕೆ ಏಳೆಂಟು ಕಂಪ್ಯೂಟರ್ ನನ್ನ ಟೇಬಲ್ ಮೇಲಿದ್ದವು. ಒಂದಕ್ಕೆ 300 ತೆಗೆದುಕೊಂಡೆ.

ಉಳಿದ 680 ಜಿಬಿಯಲ್ಲಿ ಹೊಸ ಡಿ, ಈ ಸಲ ಪ್ರೈಮರಿ. ಅಕ್ಷರ ಡಿ ಯೇ ಆಗಬೇಕು. ಸಾಫ್ಟ್‌ವೇರ್ ತನ್ನ ಲೆಕ್ಕದ ಫೈಲನ್ನು ಹುಡುಕುವುದು ಅಲ್ಲೇ. ವಾಪಸ್ ತುಂಬಿಸುವುದು ರಾತ್ರಿಯೆಲ್ಲ ನಡೆಯಿತು. ನಾನು ಅಲ್ಲೇ ಮಲಗಿದ್ದೆ. ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಬಂದು ಸಾಫ್ಟ್‌ವೇರ್ ತೆರೆದರು. ಹಿಂದಿನ ಕೊಯ್ಲಿನ ತೂಕ ಸರಿಯಾಗಿ ಬಂತು. ಅವರು ಪುಸ್ತಕ ತೆಗೆದು ಒಂದೊಂದು ಸಾಲು ತಾಳೆ ನೋಡಿದರು. ನನಗೆ ಆ ಅರ್ಧ ಗಂಟೆ ಎಷ್ಟು ಉದ್ದವಾಗಿತ್ತು ಎಂದರೆ ಎರಡು ಕಾಫಿ ಆಯಿತು. ಕೊನೆಗೆ ಅವರು ತಲೆ ಆಡಿಸಿದರು. ಎಕ್ಸ್‌ಟರ್ನಲ್ ಡಿಸ್ಕಿಗೆ ನಾಲ್ಕು ಸಾವಿರದಷ್ಟು ಹೋಗಿತ್ತು, ನನಗೆ ಉಳಿದದ್ದು 1,500.

ಕರೆಂಟಿನ ಬಗ್ಗೆ ಇನ್ನೊಂದು ಪ್ರಯೋಗ ಮಾಡಿದ್ದೆ. ವೈಫೈ ರೂಟರ್‌ಗೆ ಹಾಕುವ 12 ವೋಲ್ಟಿನ ಪುಟ್ಟ ಯುಪಿಎಸ್ ಇದೆಯಲ್ಲ, ಅದರಲ್ಲಿ ದೊಡ್ಡ ಡಿಸ್ಕನ್ನು ಹೊರಗಿಂದ ಜೋಡಿಸುವ ಪೆಟ್ಟಿಗೆ (ಡಾಕ್) ಓಡಿಸಬಹುದೇ ಎಂದು. 1,400 ಕೊಟ್ಟು ತಂದೆ. ಡಿಸ್ಕ್ ತಿರುಗಲು ಶುರು ಮಾಡುತ್ತದೆ, ಟಿಕ್ ಎಂದು ನಿಲ್ಲುತ್ತದೆ. ಮೂರೂವರೆ ಇಂಚಿನ ಡಿಸ್ಕ್ ಏಳುವಾಗ 12 ವೋಲ್ಟಿನಲ್ಲಿ 2 ಆಂಪ್ ಹತ್ತಿರ ಎಳೆಯುತ್ತದೆ, ಅದು ಅಷ್ಟು ಕೊಡುವುದಿಲ್ಲ. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನದು ಯುಎಸ್‌ಬಿಯಲ್ಲೇ ಓಡುತ್ತದೆ. ಈಗ ಬ್ಯಾಕಪ್‌ಗೆ ಅದನ್ನೇ ತರಿಸುತ್ತೇನೆ. ಬ್ಯಾಟರಿ ಸರಿ ಇರುವ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಕರೆಂಟ್ ಹೋದರೂ ಕಾಪಿ ನಿಲ್ಲುವುದಿಲ್ಲ.

ತೇವದ್ದು ಬೇರೆಯೇ ಕಥೆ. ಮಳೆಗಾಲ ಕಳೆದು ಎತ್ತಿಟ್ಟ ಡಿಸ್ಕ್ ತೆಗೆದರೆ ಹಿಂದಿನ ಹಸಿರು ಬೋರ್ಡಿನ ಬಿಂದುಗಳು ಕಪ್ಪಾಗಿರುತ್ತವೆ. ಬೋರ್ಡ್ ಬಿಚ್ಚಿ ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿದರೆ ಎಷ್ಟೋ ಡಿಸ್ಕ್ ಮತ್ತೆ ಎದ್ದಿವೆ. ಸಿಲಿಕಾ ಜೆಲ್ ಹಾಕಿ ಟಿನ್ನಿನಲ್ಲಿಟ್ಟು ನೋಡಿದೆ, ತಿಂಗಳಿಗೊಮ್ಮೆ ಬಿಸಿ ಮಾಡಿ ಒಣಗಿಸದಿದ್ದರೆ ಪ್ರಯೋಜನ ಇಲ್ಲ. ಹಳಬರು ಕ್ಯಾಮೆರಾ ಇಡುತ್ತಿದ್ದ ಉಪಾಯವೇ ಚೆನ್ನ: ಬೀರುವಿನೊಳಗೆ ಒಂದು ಸಣ್ಣ ಹಳದಿ ಬಲ್ಬ್. ಎಲ್‌ಇಡಿ ಆಗುವುದಿಲ್ಲ, ಬಿಸಿ ಬರಬೇಕು. ಡಿಸ್ಕ್ ಬಲ್ಬಿಗೆ ತಾಗದ ಹಾಗೆ ಮೇಲಿನ ಹಲಗೆಯಲ್ಲಿರಲಿ.

ಆ ಮೇಲೆ ಇದೇ ದಾರಿಯಲ್ಲಿ ಇಪ್ಪತ್ತೈದು ಮೂವತ್ತು ಕಂಪ್ಯೂಟರ್ ಮಾಡಿದ್ದೇನೆ. ಒಂದರಲ್ಲೂ ಫೈಲ್ ಹೋಗಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ಕಮಾಂಡ್ ಕೇಳುತ್ತಾರೆ, ಹೇಳಿಕೊಡುತ್ತೇನೆ. ಮೊನ್ನೆ ಹುತ್ತರಿ ಹಬ್ಬಕ್ಕೆ ಮುಂಚೆ ನಾಪೋಕ್ಲಿಗೆ ಹೋಗಿದ್ದೆ. ಕೊಯ್ಲಿಗೆ ಮೊದಲು ಒಮ್ಮೆ ನೋಡಿ ಹೋಗು ಎಂದಿದ್ದರು. ಸಿ ಯಲ್ಲಿ ಇನ್ನೂ 130 ಜಿಬಿ ಖಾಲಿ ಇತ್ತು. ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲಿ ಎಂದು ಕೇಳಿದೆ. ಮಾವ ಬೀರುವಿನ ಬಾಗಿಲು ತೆಗೆದು ತೋರಿಸಿದರು. ಒಳಗೆ ಬಲ್ಬ್ ಉರಿಯುತ್ತಿತ್ತು.