ಗುಳಿಗೆ ನುಂಗುವಾಗ ನೆನೆದವರು

ಕಾಯಿಲೆ ಬಿದ್ದವರಿಗೆ ಬಂದವರೆಲ್ಲ ಹೇಳುವುದು ಒಂದೇ ಮಾತು: "ದೇವರಿದ್ದಾನೆ, ಎಲ್ಲಾ ಒಳ್ಳೇದಾಗ್ತದ." ಟಿಬಿ ಅಂತ ಗೊತ್ತಾದ ಹೊಸದರಲ್ಲಿ ಇದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಂಜೆಯಾದರೆ ಜ್ವರ, ರಾತ್ರಿಯೆಲ್ಲ ಬೆವರು. ಕುಪ್ಪಸಗಳೆಲ್ಲ ಜೋತು ಬೀಳುವಷ್ಟು ಸೊರಗಿದ್ದೆ. ಕೊಪ್ಪಳದಲ್ಲಿ ಟೀಚರ್ ಕೆಲಸ, ಶಾಲೆಗೆ ರಜೆ ಹಾಕಿ ಮೂಲೆ ಕೋಣೆ ಸೇರಿದ್ದೆ. ಈ ಸ್ಥಿತಿಯಲ್ಲಿ ದೇವರಿಗೆ ಏನಂತ ಕೈ ಮುಗಿಯೋದು?

ದೇವರ ತನಕ ನಾನು ಆಗ ಹೋಗಲೇ ಇಲ್ಲ. ಮನುಷ್ಯರಿಂದ ಶುರು ಮಾಡಿದೆ.

ಟಿಬಿ ಔಷಧಿ ಸಾಮಾನ್ಯವಾಗಿ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಒಂದೇ ಗುಳಿಗೆಯಲ್ಲಿ ಸೇರಿರುತ್ತವೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ. ದಿನಕ್ಕೆ ಎಷ್ಟು ಗುಳಿಗೆ ಅನ್ನೋದು ತೂಕದ ಮೇಲೆ. ನಾನು ಐವತ್ತು ಕೆಜಿಗಿಂತ ಕೆಳಗೆ ಇಳಿದಿದ್ದೆ, ನನಗೆ ಮೂರು. ನುಂಗಿದ ಮೇಲೆ ಹೊಟ್ಟೆ ತೊಳಸುತ್ತಿತ್ತು. ಅದಕ್ಕೇ ಕೈಯಲ್ಲಿ ಗುಳಿಗೆ ಹಿಡಿದು ಸುಮ್ನೆ ಕೂತುಬಿಡುತ್ತಿದ್ದೆ. ಆ ಹೊತ್ತನ್ನೇ ಬಳಸಿಕೊಂಡೆ. ನುಂಗುವ ಮುಂಚೆ ಒಬ್ಬರನ್ನು ನೆನೆಯಬೇಕು. ಅವರು ಏನು ಮಾಡಿದರು ಅನ್ನೋದನ್ನೂ ಮನಸ್ಸಲ್ಲೇ ಹೇಳಿಕೊಳ್ಳಬೇಕು. "ಎಲ್ಲರಿಗೂ ಧನ್ಯವಾದ" ಅಂತ ಒಟ್ಟಿಗೆ ಹೇಳಿ ಮುಗಿಸೋ ಹಾಗಿಲ್ಲ.

ಮೊದಲು ನೆನಪಾದದ್ದು ನಮ್ಮ ಓಣಿಯ ಆಶಾ ಕಾರ್ಯಕರ್ತೆ. "ಅಕ್ಕಾರ, ನಾಳಿಂದ ಮೂತ್ರ ಕೇಸರಿ ಬಣ್ಣ ಬರ್ತದ, ರಕ್ತ ಅಂತ ಹೆದರಬ್ಯಾಡ್ರಿ" ಅಂತ ಮುಂಚೆಯೇ ಹೇಳಿದ್ದಳು. ರಿಫಾಂಪಿಸಿನ್ ಅನ್ನೋ ಔಷಧಿಯಿಂದ ಹಾಗಾಗುತ್ತದೆ. ಈ ಒಂದು ಮಾತು ಹೇಳದೇ ಇದ್ದಿದ್ದರೆ ಮರುದಿನ ಬೆಳಿಗ್ಗೆ ಬಚ್ಚಲಲ್ಲೇ ಎದೆ ಒಡೆದುಕೊಳ್ಳುತ್ತಿದ್ದೆ.

ಆಮೇಲೆ ಅತ್ತೆ. ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ. ಶೇಂಗಾ, ಮಡಕಿ ಕಾಳು, ಮೊಟ್ಟೆ ಚೆನ್ನಾಗಿ ತಿನ್ನಿ ಅಂತ ಡಾಕ್ಟರು ಹೇಳಿದ್ದನ್ನು ಯಜಮಾನರು ಮನೆಯಲ್ಲಿ ಹೇಳಿದಾಗ ಅತ್ತೆ ತುಟಿ ಬಿಚ್ಚಲಿಲ್ಲ. ಮರುದಿನ ಹಿತ್ತಲಲ್ಲಿ ಮೂರು ಇಟ್ಟಿಗೆ ಜೋಡಿಸಿದ್ದರು. ಮೇಲೆ ಹಳೇ ಅಲ್ಯೂಮಿನಿಯಂ ಪಾತ್ರೆ. ಕಟ್ಟಿಗೆ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ, ಮೊಟ್ಟೆಯನ್ನು ಕೈಯಲ್ಲಿ ಮುಟ್ಟದೆ ಸೌಟಿನಲ್ಲಿ ತೆಗೆದು ತಟ್ಟೆಗೆ ಹಾಕಿ, "ನೀನ ಸುಲಕೋ, ನನ್ನ ಕೈಲಿ ಆಗಂಗಿಲ್ಲ" ಅಂದು ಮುಖ ತಿರುಗಿಸಿ ನಿಂತರು. ನನ್ನ ಕಾಯಿಲೆ ಮುಗಿಯುವ ತನಕ ಆ ಒಲೆ ಆರಲಿಲ್ಲ.

ಸರ್ಕಾರಿ ವ್ಯವಸ್ಥೆಯನ್ನೂ ಒಂದು ದಿನ ನೆನೆದೆ. ನಗಬೇಡಿ. ಕಫ ಪರೀಕ್ಷೆ, ಔಷಧಿ ಎರಡೂ ಉಚಿತ. ಊಟಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ. 2018ರಲ್ಲಿ ಶುರುವಾದಾಗ 500 ಇತ್ತು, 2024ರ ನವೆಂಬರ್‌ನಿಂದ ದುಪ್ಪಟ್ಟಾಯಿತು.

ಎಲ್ಲರನ್ನೂ ನೆನೆಯಲಿಲ್ಲ ಅನ್ನೋದನ್ನೂ ಹೇಳಬೇಕು. ಎದುರು ಮನೆಯವರೊಬ್ಬರು ನನ್ನನ್ನು ಕಂಡರೆ ಬಾಗಿಲು ಹಾಕುತ್ತಿದ್ದರು. ಸರಿಯಾಗಿ ಔಷಧಿ ತಗೊಂಡರೆ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಸೋಂಕು ಹರಡುವುದು ನಿಲ್ಲುತ್ತದೆ ಅಂತ ಆಶಾ ಅವರೇ ಹೋಗಿ ತಿಳಿಹೇಳಿದರೂ ಬಾಗಿಲು ತೆರೆಯಲಿಲ್ಲ. "ಅವರಿಗೂ ಒಳ್ಳೇದಾಗಲಿ ಅನ್ನು, ಮನಸ್ಸು ಹಗುರಾಗ್ತದ" ಅಂತ ಗೆಳತಿಯೊಬ್ಬಳು ಬುದ್ಧಿ ಹೇಳಿದಳು. ನಾನು ಅನ್ನಲಿಲ್ಲ. ಬೇರೆಯವರನ್ನು ನೆನೆಯೋಕೇ ಹೊತ್ತು ಸಾಲುತ್ತಿರಲಿಲ್ಲ, ಅಲ್ವಾ?

ಒಮ್ಮೆ ತಪಾಸಣೆಗೆ ಹೋದಾಗ ಡಾಕ್ಟರು ಹಳೇ ಕತೆ ಹೇಳಿದರು. ಮೊದಲೆಲ್ಲ ಟಿಬಿ ಬಂದರೆ ಮನೆ ಮಕ್ಕಳನ್ನು ಬಿಟ್ಟು ಸ್ಯಾನಿಟೋರಿಯಂನಲ್ಲಿ ತಿಂಗಳುಗಟ್ಟಲೆ ಇರಬೇಕಿತ್ತಂತೆ. 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಕೆಲವು ರೋಗಿಗಳನ್ನು ಸ್ಯಾನಿಟೋರಿಯಂನಲ್ಲಿ ಇಟ್ಟರು, ಉಳಿದವರಿಗೆ ಅದೇ ಔಷಧಿಯನ್ನು ಮನೆಯಲ್ಲೇ ಕೊಟ್ಟರು. ಮನೆಯಲ್ಲಿದ್ದವರು ಬಡವರು, ಇಕ್ಕಟ್ಟಿನ ಮನೆ, ಹೇಳಿಕೊಳ್ಳುವಂಥ ಊಟವೂ ಇಲ್ಲ. ಆದರೂ ಅವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಮನೆಯವರಿಗೆ ಅದರಿಂದ ಸೋಂಕು ಜಾಸ್ತಿಯಾಗಲೂ ಇಲ್ಲ. 1959ರಲ್ಲಿ ಈ ಫಲಿತಾಂಶ ಹೊರಬಂದ ಮೇಲೆ ಬೇರೆ ದೇಶಗಳಲ್ಲೂ ಟಿಬಿ ಚಿಕಿತ್ಸೆಯ ರೀತಿ ಬದಲಾಯಿತು.

ಮರುದಿನ ಗುಳಿಗೆ ಹಿಡಿದಾಗ ಆ ಮದ್ರಾಸಿನವರೇ ಕಣ್ಣ ಮುಂದೆ ಬಂದರು. ಅವರ ಹೆಸರು ನನಗೆ ಗೊತ್ತಿಲ್ಲ. ಅವರಿಗೂ ನನ್ನ ಹಾಗೇ ವಾಕರಿಕೆ ಬಂದಿರುತ್ತದೆ. ಆದರೂ ನುಂಗಿದರು. ಹಾಗಾಗಿ ನಾನು ನನ್ನ ಕೋಣೆಯಲ್ಲಿ, ಮಗಳ ಪಾಠದ ದನಿ ಕೇಳಿಸುವಷ್ಟು ಹತ್ತಿರದಲ್ಲಿ ಮಲಗಿದ್ದೆ. ಅವರಿಗೆ ಹೋಗಿ ಕೈ ಮುಗಿಯೋಣ ಅಂದರೆ ಎಲ್ಲಿದ್ದಾರೆ? ಆಗ ನನ್ನ ಕೈ ತಾನಾಗಿ ಗೋಡೆ ಮೇಲಿನ ಗವಿಸಿದ್ಧೇಶ್ವರರ ಫೋಟೋ ಕಡೆ ಮುಗಿಯಿತು. ಬೇಡಿಕೊಂಡದ್ದು ಏನೂ ಇಲ್ಲ. ಈ ನಮಸ್ಕಾರವನ್ನು ಅವರಿಗೆ ಮುಟ್ಟಿಸಪ್ಪಾ ಅಂದೆ, ಅಷ್ಟೇ. ನನ್ನ ಭಕ್ತಿ ಇವತ್ತಿಗೂ ಇಷ್ಟರದೇ.

ಅತ್ತೆಯ ಭಕ್ತಿ ಬೇರೆ ಥರ. ನಾನು ಗುಣವಾದರೆ ಹುಲಿಗೆಮ್ಮನಿಗೆ ದೀಡ ನಮಸ್ಕಾರ ಹಾಕ್ತೀನಿ ಅಂತ ನನಗೆ ಗೊತ್ತಿಲ್ಲದೆ ಹರಕೆ ಹೊತ್ತಿದ್ದರು. ದೇವರ ಜೊತೆ ಕೊಡು-ತಗೋ ವ್ಯವಹಾರ ನನಗೆ ಸೇರಲ್ಲ. "ಈ ವಯಸ್ಸಿನ್ಯಾಗ ಯಾಕ ಬೇಕಿತ್ರೀ ಅತ್ತಿ?" ಅಂತ ಕೇಳಿದೆ. ಅವರು ಹೇಳಿದ್ದು: "ಡಾಕ್ಟರ್ ಔಷಧ ಕೊಟ್ಟ, ನೀ ನುಂಗಿದಿ. ನಾ ಏನ ಮಾಡ್ಲಿ ಮತ್ತ, ಸುಮ್ನ ನೋಡಕೋತ ಕುಂದ್ರಲೇನು?" ಆ ಹಿತ್ತಲ ಒಲೆ ಅವರ ಲೆಕ್ಕಕ್ಕೇ ಇರಲಿಲ್ಲ!

ಔಷಧಿ ಮುಗಿದ ಮೇಲೆ ಒಂದು ಹುಣ್ಣಿಮೆಗೆ ಹುಲಿಗಿಗೆ ಹೋದೆವು. ತುಂಗಭದ್ರೆಯಲ್ಲಿ ಮುಳುಗಿ ಎದ್ದು, ಒದ್ದೆ ಸೀರೆಯಲ್ಲೇ ಅತ್ತೆ ಉದ್ದಕ್ಕೆ ಮಲಗಿ, ಎದ್ದು, ಮತ್ತೆ ಮಲಗಿ ಗುಡಿ ತನಕ ನಡೆದರು. ನಾನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಡೆದೆ. ವಾದ ಮಾಡುವ ಮನಸ್ಸು ಆಗ ಇರಲಿಲ್ಲ.

ಜನವರಿಯಲ್ಲಿ ಗವಿಮಠದ ಜಾತ್ರೆ. ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ, ಮಾದ್ಲಿ ಬರುತ್ತವೆ. ನಮ್ಮ ಓಣಿಯ ಹೆಂಗಸರೂ ಸೇರಿ ರೊಟ್ಟಿ ಬಡಿದೆವು. ನನ್ನ ತೋಳಲ್ಲಿ ಇನ್ನೂ ಪೂರ್ತಿ ಶಕ್ತಿ ಬಂದಿರಲಿಲ್ಲ, ಅಂಚು ಬಿರಿಯುತ್ತಿತ್ತು. ಅತ್ತೆ ಬೈದು ನನ್ನನ್ನು ಬೇಯಿಸೋಕೆ ಕೂರಿಸಿದರು.

ಔಷಧಿ ಮುಗಿದರೂ ಎರಡು ವರ್ಷದ ತನಕ ಆರಾರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರಬೇಕು. ಮುಂದಿನ ಸಲ ಅತ್ತೆಯೂ ಜೊತೆಗೆ ಬರುತ್ತಾರಂತೆ. ದೀಡ ನಮಸ್ಕಾರದ ಮೇಲೆ ಶುರುವಾದ ಮೊಣಕಾಲು ನೋವು ಇನ್ನೂ ಬಿಟ್ಟಿಲ್ಲ.